ಎಪ್ಪತ್ತೆಂಟು ಕೆ.ಜಿ.ಯ ಗಾಳಿ

ಒಬ್ಬ ಮನುಷ್ಯನನ್ನು ಬೀಳಿಸಲು ನಾನು ಒಂದು ಸ್ಕ್ರೂ ಕೂಡ ಸಡಿಲ ಮಾಡಲಿಲ್ಲ. ಬ್ರೇಕಿನ ತಂತಿ ಕತ್ತರಿಸಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ. ಇಷ್ಟು ವರ್ಷ ಯಾರೂ ನನ್ನ ಕಡೆ ಬೆರಳು ತೋರಿಸದೆ ಇದ್ದದ್ದು ಅದಕ್ಕೇ. ಈಗ ನಾನೇ ತೋರಿಸಿಕೊಳ್ಳುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಯಲಹಂಕದ ಒಂದು ಬಡಾವಣೆಯಲ್ಲಿ ನಿವಾಸಿಗಳ ಸಂಘದ ಅಧ್ಯಕ್ಷರಾಗಿದ್ದರು, ಆದ್ದರಿಂದ ಅಧ್ಯಕ್ಷರು ಎಂದೇ ಕರೆಯುತ್ತೇನೆ. ಅದೇ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ನನ್ನ ಸೈಕಲ್ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ನಾಲ್ಕು ಕಂಬ, ಮೇಲೆ ತಗಡು, ಗಾಳಿ ಪಂಪು, ಪಂಕ್ಚರ್ ನೋಡಲು ನೀರಿನ ಬಾಂಡ್ಲಿ, ಮತ್ತು ನನ್ನ ತಂದೆಯ ಹಲಸಿನ ಮರದ ಪೆಟ್ಟಿಗೆ. ತಂದೆ ಯಶವಂತಪುರದ ಮಾರ್ಕೆಟ್ಟಿನ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಎಲ್ಲೆಲ್ಲೋ ಅರ್ಜಿ ಹಾಕಿ, ಕೊನೆಗೆ ಅದೇ ಪೆಟ್ಟಿಗೆಯ ಮುಂದೆ ಬಂದು ಕುಳಿತವನು. ಅದರ ಮುಚ್ಚಳದ ಮೇಲೆ ತಂದೆಯ ಮೊಣಕೈ ಊರಿ ಊರಿ ಒಂದು ಹಳ್ಳ ಬಿದ್ದಿತ್ತು. ನನ್ನ ಮೊಣಕೈಗೂ ಅದು ಸರಿಯಾಗಿ ಹೊಂದುತ್ತಿತ್ತು.

ಏರ್‌ಪೋರ್ಟ್ ರಸ್ತೆ ಅಗಲವಾಗಿ, ಬಡಾವಣೆಯ ಸೈಟುಗಳಿಗೆ ಬೆಲೆ ಬಂದ ಕಾಲ ಅದು. ಪಾರ್ಕಿನ ಸುತ್ತ ವಾಕಿಂಗ್ ಹಾದಿ ಮಾಡಬೇಕೆಂದು ಸಂಘದವರು ತೀರ್ಮಾನಿಸಿದರು. ಮಾಡಲಿ, ಬೇಡ ಎನ್ನಲು ನಾನು ಯಾರು? ಜಾಗ ನನ್ನದಲ್ಲ. ಒಂದು ದಿನ ಮೊದಲು ಹೇಳಿದ್ದರೆ ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಿದ್ದೆ. ಹೇಳಲಿಲ್ಲ. ಬೆಳಗ್ಗೆ ಲಾರಿ ಬಂತು. ಅಧ್ಯಕ್ಷರು ಬಿಳಿ ಶೂ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು.

"ಸಾರ್, ಒಂದ್ ಅರ್ಧ ಗಂಟೆ ಕೊಡಿ. ಎಲ್ಲಾ ನಾನೇ ಎತ್ಕೊಂಡ್ ಹೋಗ್ತೀನಿ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಶೂ ತುದಿಯಿಂದ ಪೆಟ್ಟಿಗೆಯನ್ನು ತೋರಿಸಿ ಲಾರಿಯವರಿಗೆ ಹೇಳಿದರು: "ಮೊದ್ಲು ಆ ಕಸ ಎತ್ರಪ್ಪಾ."

ಎತ್ತಿ ಎಸೆದರು. ಪೆಟ್ಟಿಗೆಯ ಮೂಲೆ ಬಿಚ್ಚಿಕೊಂಡು ಸ್ಪ್ಯಾನರುಗಳು ಮುರಿದ ಇಟ್ಟಿಗೆಯ ನಡುವೆ ಚೆಲ್ಲಿದವು. ಲಾರಿ ಹತ್ತಿ ಸಿಕ್ಕಷ್ಟು ಆರಿಸಿಕೊಂಡೆ. ಪೆಟ್ಟಿಗೆ ಲಾರಿಯ ಜೊತೆ ಹೋಯಿತು.

ಮನೆಗೆ ಬಂದು ಊಟ ಮಾಡಿದೆ, ನಿದ್ದೆಯೂ ಬಂತು. ನನ್ನ ಸಿಟ್ಟು ಹಾಲಿನ ಹಾಗೆ ಉಕ್ಕಿ ಚೆಲ್ಲುವುದಲ್ಲ. ಮೊಸರಿನ ಹಾಗೆ, ಏಳುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಅಂಗಡಿ ಹೋದದ್ದಕ್ಕೆ ಅಷ್ಟು ಉರಿಯಲಿಲ್ಲ. ಆ ಒಂದು ಮಾತು ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ಗುಡಿಸುವಾಗ "ಕಸದ ಮೊರ ಎಲ್ಲಿ?" ಎಂದರೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಹೆಬ್ಬಾಳದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ದುಬಾರಿ ಸೈಕಲ್ ಮಾರುವ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಾಲೀಕ ನನ್ನ ಮಗಳಿಗಿಂತ ಚಿಕ್ಕವನು, ಒಳ್ಳೆಯವನು. ಗುಡ್ಡ ಹತ್ತಿ ಇಳಿಯುವ ಸೈಕಲ್ಲುಗಳ ವಿಷಯ ನನಗೆ ಹೇಳಿಕೊಟ್ಟವನು ಅವನೇ. ಅವುಗಳ ಮುಂದಿನ ಫೋರ್ಕಿನಲ್ಲಿ, ಅಂದರೆ ಚಕ್ರವನ್ನು ಹಿಡಿದ ಜೋಡಿ ಕೊಳವೆಯಲ್ಲಿ, ಸ್ಪ್ರಿಂಗಿನ ಬದಲು ಗಾಳಿ ಇರುತ್ತದೆ. ಎಷ್ಟು ಗಾಳಿ ಎನ್ನುವುದು ಸವಾರನ ತೂಕದ ಮೇಲೆ. ಹೆಚ್ಚಾದರೆ ಫೋರ್ಕು ಕಬ್ಬಿಣದ ಸಲಾಕೆಯಂತೆ ಕೈ ಮುರಿಯುತ್ತದೆ. ಕಡಿಮೆಯಾದರೆ ಸಪಾಟು ರಸ್ತೆಯಲ್ಲಿ ಬೆಣ್ಣೆಯಂತಿದ್ದು, ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಕೂಡಲೇ ಮೂಗು ನೆಲಕ್ಕೆ ಹಾಕುತ್ತದೆ.

ಸರಿ ಇದೆಯೋ ಇಲ್ಲವೋ ನೋಡಲು ಕೊಳವೆಯ ಮೇಲೆ ಬಳೆಯಂಥ ಒಂದು ರಬ್ಬರ್ ರಿಂಗ್ ಇರುತ್ತದೆ. ಅದನ್ನು ಕೆಳಕ್ಕೆ ಒತ್ತಿಟ್ಟು, ಸವಾರನನ್ನು ಮೆಲ್ಲಗೆ ಕೂರಿಸಿ, ಮೆಲ್ಲಗೆ ಇಳಿಸಬೇಕು. ಫೋರ್ಕು ಎಷ್ಟು ಕುಗ್ಗಿತೋ ಅಲ್ಲಿಯವರೆಗೆ ರಿಂಗು ಮೇಲೆ ಹೋಗಿ ನಿಂತಿರುತ್ತದೆ. ಪೂರ್ತಿ ಕುಗ್ಗುವ ದೂರದಲ್ಲಿ ಕಾಲು ಭಾಗದ ಒಳಗೆ ನಿಂತರೆ ಸರಿ. ಐದು ನಿಮಿಷದ ಕೆಲಸ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ತೂಕ ಕೇಳಬಾರದು, ತೂಗಬೇಕು. ಕೇಳಿದರೆ ಗಂಡಸರೂ ಸುಳ್ಳು ಹೇಳುತ್ತಾರೆ. ಅದಕ್ಕೇ ಬಾಗಿಲ ಹತ್ತಿರ ತೂಕದ ಮಿಷನ್ ಇಟ್ಟಿದ್ದೆವು. ಶೂ, ಹೆಲ್ಮೆಟ್ಟು, ಬೆನ್ನಿನ ನೀರಿನ ಚೀಲ ಎಲ್ಲದರ ಸಮೇತ ಹತ್ತಿಸುತ್ತಿದ್ದೆವು.

2014ರಲ್ಲಿ ಒಂದು ಶುಕ್ರವಾರ ಅಧ್ಯಕ್ಷರು ಒಳಗೆ ಬಂದರು. ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದರಂತೆ, ಇವರು ಸೈಕಲ್ ಗುಂಪು ಸೇರಿ, ಗುಡ್ಡದ ಹೊಸ ಸೈಕಲ್ ತೆಗೆದುಕೊಂಡು, ಫೋರ್ಕಿಗೆ ಗಾಳಿ ಹಾಕಿಸಲು ಬಂದಿದ್ದರು. ಜೊತೆಗೆ ಆ ಗುಂಪಿನ ಇಬ್ಬರು ಆಫೀಸಿನ ಹುಡುಗರು. ನಾನು ಅವರ ಎದುರಿಗೇ ನಿಂತೆ. ಗುರುತು ಹಿಡಿಯಲಿ ಎಂದು ಬೇಕಂತಲೇ ನಿಂತೆ. ಅವರು ನನ್ನ ಭುಜದ ಮೇಲಿಂದ ಗೋಡೆಯ ಹೆಲ್ಮೆಟ್ಟುಗಳನ್ನು ನೋಡಿದರು. ಐದು ವರ್ಷ ನಾನು ದಿನಾ ನೆನೆದ ಮುಖಕ್ಕೆ ನನ್ನ ಮುಖ ಒಂದು ದಿನವೂ ನೆನಪಾಗಿರಲಿಲ್ಲ. ಪೆಟ್ಟಿಗೆ ಎಸೆದದ್ದಕ್ಕಿಂತ ಇದು ಹೆಚ್ಚು ಉರಿಯಿತು.

"ಮಿಷನ್ ಹತ್ತಿ ಸಾರ್" ಎಂದೆ.

"ಹತ್ತಿ ಅಧ್ಯಕ್ಷರೇ, ಮುರಿದ್ರೆ ಚಂದಾ ಎತ್ತಿ ಹೊಸದು ಕೊಡಿಸ್ತೀವಿ" ಎಂದ ಹುಡುಗರಲ್ಲೊಬ್ಬ.

"ಮಗಾ, ಎರಡು ಮಿಷನ್ ಬೇಕಾಗುತ್ತೆ ಕಣೋ, ಕಾಲಿಗೊಂದು" ಎಂದ ಇನ್ನೊಬ್ಬ.

ಅಧ್ಯಕ್ಷರು ಮುಂದಿಟ್ಟ ಕಾಲನ್ನು ಹಿಂದೆ ತೆಗೆದುಕೊಂಡರು. "ಏಯ್, ಎಪ್ಪತ್ತೆಂಟು ಕಣ್ರೋ. ಮೊನ್ನೆ ತಾನೇ ಚೆಕಪ್ಪಲ್ಲಿ ನೋಡಿದಾರೆ. ಎಪ್ಪತ್ತೆಂಟಕ್ಕೆ ಹಾಕಯ್ಯಾ ನೀನು."

ನಾನು ನೋಡಿದೆ. ಆ ಹೊಟ್ಟೆ, ಆ ತೊಡೆ. ತೊಂಬತ್ತಕ್ಕೆ ಕಡಿಮೆ ಇರಲು ಸಾಧ್ಯವೇ ಇಲ್ಲ. ಬೇರೆ ಯಾರೇ ಆಗಿದ್ದರೂ ನಕ್ಕು, ಹೋಗಲಿ ಸಾರ್, ಒಂದ್ಸಲ ಕೂತ್ಕೊಳ್ಳಿ ಸಾಕು, ರಿಂಗ್ ನೋಡ್ತೀನಿ ಎನ್ನುತ್ತಿದ್ದೆ. ಆ ಮಾತು ಬಾಯಿಗೆ ಬಂದೂ ಇತ್ತು.

"ಆಯ್ತು ಸಾರ್. ಎಪ್ಪತ್ತೆಂಟು" ಎಂದೆ.

ಪಂಪು ಸಿಕ್ಕಿಸಿ ಎಪ್ಪತ್ತೆಂಟಕ್ಕೆ ಎಷ್ಟೋ ಅಷ್ಟೇ ಗಾಳಿ ತುಂಬಿದೆ. ಪಂಪಿನ ಅಳತೆಯ ಮುಳ್ಳು ಒಂದು ಕೂದಲೆಳೆ ಆಚೆ ಹೋಗದ ಹಾಗೆ ತುಂಬಿದೆ. ಅಷ್ಟು ಶ್ರದ್ಧೆಯಿಂದ ನಾನು ದೇವರ ದೀಪಕ್ಕೂ ಎಣ್ಣೆ ಹಾಕಿದವನಲ್ಲ. ರಿಂಗನ್ನು ಮುಟ್ಟಲಿಲ್ಲ. ಫೋರ್ಕಿನ ಬುಡದಲ್ಲಿ ಒಂದು ತಿರುಪು ಇರುತ್ತದೆ, ಒಂದು ಬದಿಗೆ ಆಮೆಯ ಚಿತ್ರ, ಇನ್ನೊಂದು ಬದಿಗೆ ಮೊಲದ ಚಿತ್ರ. ಕುಗ್ಗಿದ ಫೋರ್ಕು ಎಷ್ಟು ಬೇಗ ಮೇಲೆ ಬರಬೇಕು ಎಂದು ಅದು ಹೇಳುತ್ತದೆ. ಮೊಲದ ಕಡೆಗೆ ಪೂರ್ತಿ ತಿರುಗಿಸಿದೆ. ಇನ್ನು ಅದು ಕುಸಿದರೆ ಪೂರ್ತಿ ಕುಸಿದು, ಎದ್ದರೆ ಒದ್ದು ಏಳುತ್ತದೆ.

ಅಧ್ಯಕ್ಷರು ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ ನೋಡಿದರು. "ಆಹಾ, ಬೆಣ್ಣೆ ಕಣ್ರೋ!" ಎಂದರು. ನನ್ನ ಕಡೆ ತಿರುಗಿ, "ಸರಿ ಇದೆ ತಾನೇ?"

"ನೀವು ಹೇಳಿದ ಹಾಗೇ ಇದೆ ಸಾರ್."

ಅವರು ನನ್ನ ಬೆನ್ನು ತಟ್ಟಿದರು. ಹೆಬ್ಬಾಳದಿಂದ ಗೊರಗುಂಟೆಪಾಳ್ಯದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ. ಆ ಬಿಳಿ ಶೂಗಳು ಗಾಳಿಯಲ್ಲಿ ಮೇಲಾಗುವುದನ್ನು ಕಣ್ಮುಂದೆ ತಂದುಕೊಂಡೆ. ಮನೆ ತಲುಪುವಷ್ಟರಲ್ಲಿ ಅವರನ್ನು ಎಷ್ಟೋ ಸಲ ಬೀಳಿಸಿಯಾಗಿತ್ತು. ಹೆಂಡತಿ ಬಾಗಿಲು ತೆರೆದು, "ಏನ್ರೀ, ಇಷ್ಟೊಂದು ಖುಷಿ?" ಎಂದಳು.

ಭಾನುವಾರ ಗುಂಪು ಬಾಗಲೂರಿನ ಕಡೆ ಹೊರಟಿತು. ಏನಾದರೂ ಕೆಟ್ಟರೆ ಇರಲಿ ಎಂದು ಮಾಲೀಕ ನನ್ನನ್ನು ವ್ಯಾನಿನಲ್ಲಿ ಕಳಿಸಿದ. ಕೆರೆ ಏರಿ ದಾಟಿ, ನೀಲಗಿರಿ ತೋಪಿನ ನಡುವೆ ಹೋದರೆ, ಮಳೆ ನೀರು ಕೊರೆದ ಒಂದು ಕಡಿದಾದ ಇಳಿಜಾರು. ನಾವು ವ್ಯಾನನ್ನು ತುದಿಯಲ್ಲೇ ನಿಲ್ಲಿಸಿದೆವು. ಒಬ್ಬೊಬ್ಬರೇ ಇಳಿಯುತ್ತಿದ್ದರು. ಅಧ್ಯಕ್ಷರು ನೀರು ಕುಡಿಯಲು ನನ್ನ ಹತ್ತಿರ ಬಂದು ನಿಂತರು.

"ಏನಯ್ಯಾ, ಮುಂದಿಂದು ತುಂಬಾ ಕುಗ್ತಾ ಇದೆ ಅನ್ಸುತ್ತೆ. ಹಿಂಗೇನಾ ಇರೋದು?"

ಪಂಪು ನನ್ನ ಹೆಗಲ ಚೀಲದಲ್ಲೇ ಇತ್ತು. ಅವರು ಕೇಳುತ್ತಿದ್ದರು. ಬೆವರು ಇಳಿಯುತ್ತಿದ್ದ ಆ ಮುಖದಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು. ನಾನು ಆ ಹೆದರಿಕೆಯನ್ನು ನೋಡಿದೆ, ಅದು ನನಗೆ ಸಿಹಿಯಾಗಿತ್ತು.

"ಹೊಸದಲ್ವಾ ಸಾರ್, ಹಂಗೇ ಇರುತ್ತೆ. ಓಡ್ತಾ ಓಡ್ತಾ ಸೆಟ್ ಆಗುತ್ತೆ."

ಶುಕ್ರವಾರದ ಸುಳ್ಳು ಅವರದು. ಇದು ನನ್ನದು. ಮೊದಲ ಸಾಲುಗಳಲ್ಲಿ, ಅವರು ಹೇಳಿದ್ದನ್ನಷ್ಟೇ ಮಾಡಿದೆ ಎಂದು ಬರೆದೆನಲ್ಲ, ಮೊಲದ ತಿರುಪು ಮುಟ್ಟಿದಾಗಲೇ ಅದು ಅರ್ಧ ಸುಳ್ಳಾಗಿತ್ತು, ಇಲ್ಲಿಗೆ ಪೂರ್ತಿ ಸುಳ್ಳಾಗುತ್ತದೆ. ಆದರೂ ಅಳಿಸುವುದಿಲ್ಲ. ವರ್ಷಗಟ್ಟಲೆ ನನಗೆ ನಾನೇ ಹಾಗೇ ಹೇಳಿಕೊಂಡೆ.

ಇಳಿಜಾರಿನ ಅರ್ಧದಲ್ಲಿ ಅವರು ಬ್ರೇಕ್ ಹಿಡಿದರು. ಮುಂದಿನ ಚಕ್ರ ಒಂದು ಗುಂಡಿಗೆ ಇಳಿಯಿತು. ಫೋರ್ಕು ಪೂರ್ತಿ ಕುಸಿದು, ಹ್ಯಾಂಡಲ್ಲು ಅವರ ಎದೆಯ ಕೆಳಗೆ ಮಾಯವಾಗಿ, ಮರುಕ್ಷಣ ಒದ್ದು ಎದ್ದಿತು. ನಾನು ಕಣ್ಮುಂದೆ ತಂದುಕೊಂಡಿದ್ದ ಹಾಗೇ ಶೂಗಳು ಮೇಲಾದವು. ಬಲ ಭುಜ ಮೊದಲು ನೆಲಕ್ಕೆ ತಾಗಿತು. ಸದ್ದು ಮಾತ್ರ ನಾನು ಕಲ್ಪಿಸಿಕೊಂಡಿರಲಿಲ್ಲ.

ನಾನು ನಿಂತೇ ಇದ್ದೆ. ತೋಪಿನಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಓಡಿಬರುತ್ತ ನನಗೆ ಕೂಗಿದಳು. "ಏನಯ್ಯಾ, ಇಂಗೆ ನಿಂತ್ಕಂಡ್ ನೋಡ್ತೀಯಲ್ಲ, ಕಾಲಿಲ್ವಾ ನಿಂಗೆ? ಓಗಿ ಇಡ್ಕಳೋ!"

ಆಮೇಲೆ ಹೋದೆ. ಹುಡುಗರು ಅವರನ್ನು ವ್ಯಾನಿಗೆ ಹತ್ತಿಸುವಾಗ ನಾನು ಸೈಕಲ್ ಎತ್ತಿದೆ. ರಿಂಗು ಕೊಳವೆಯ ತುತ್ತತುದಿಗೆ ಹೋಗಿ ನಿಂತಿತ್ತು. ಗೊತ್ತಿರುವವರು ಯಾರು ನೋಡಿದರೂ, ಈ ಫೋರ್ಕಿನಲ್ಲಿ ಗಾಳಿ ಸಾಲದು ಎಂದು ಹೇಳುತ್ತಿದ್ದರು. ಹೆಬ್ಬೆರಳಿನಿಂದ ಅದನ್ನು ಕೆಳಕ್ಕೆ ಜಾರಿಸಿದೆ. ತಿರುಪನ್ನು ಮೊಲ ಮತ್ತು ಆಮೆಯ ನಡುವೆ ತಂದಿಟ್ಟೆ.

ವ್ಯಾನಿನಲ್ಲಿ ಅಧ್ಯಕ್ಷರು ನೋವಿನಲ್ಲಿ ನನ್ನ ಮೊಣಕೈ ಹಿಡಿದುಕೊಂಡು, "ನಂದೇ ತಪ್ಪು ಕಣಯ್ಯ. ತೂಕ ಸುಳ್ಳು ಹೇಳ್ದೆ. ತೊಂಬತ್ನಾಲ್ಕು ಇದೀನಿ. ಯಾರಿಗೂ ಹೇಳ್ಬೇಡ" ಎಂದರು. ಮುಂದಿನ ಸೀಟಿನಲ್ಲಿದ್ದ ಹುಡುಗರಿಬ್ಬರೂ ಕೇಳಿಸಿಕೊಂಡರು.

ಭುಜಕ್ಕೆ ಪ್ಲೇಟು ಹಾಕಿದರು. ಎಲುಬು ಕೂಡಿತು, ಆದರೆ ಬಲಗೈ ಭುಜದಿಂದ ಮೇಲೆ ಏಳುವುದು ನಿಂತಿತು. ಸುದ್ದಿ ಗುಂಪಿನಲ್ಲೆಲ್ಲ ಹರಡಿತು. ನಮ್ಮ ಅಂಗಡಿಯಲ್ಲಿ ಯಾರಾದರೂ ಮಿಷನ್ ಹತ್ತಲು ಹಿಂಜರಿದರೆ, "ಗುರು, ಎಪ್ಪತ್ತೆಂಟು ಆಗ್ಬೇಡ, ಹತ್ತು" ಎನ್ನುವುದು ರೂಢಿಯಾಯಿತು. ಪ್ರತಿ ಸಲವೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಕಸ ಎಂಬ ಮಾತಿಗೆ ಎಪ್ಪತ್ತೆಂಟು ಎಂಬ ಮಾತು. ಸಮವಾಯಿತು ಎಂದುಕೊಂಡೆ. ಪಶ್ಚಾತ್ತಾಪ ಆಗಲೇ ಶುರುವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು, ಆದರೆ ಆಗಿರಲಿಲ್ಲ. ಒಂದು ವರ್ಷಕ್ಕೂ ಮೇಲೆ ನಾನು ಆ ಖುಷಿಯನ್ನು ಚಪ್ಪರಿಸಿದೆ.

ಅದು ಕೆಟ್ಟದ್ದು ಹೀಗೆ. ಒಂದು ದಿನ ಯಾರೋ ಹೊಸಬನಿಗೆ ಅದೇ ಮಾತು ಹೇಳಿ ಎಲ್ಲರೂ ನಗುತ್ತಿದ್ದಾಗ ಬಾಗಿಲಲ್ಲಿ ಅಧ್ಯಕ್ಷರು ನಿಂತಿದ್ದರು. ಅವರು ಒಳಗೆ ಬಂದು, "ಹೂಂ, ಆ ಎಪ್ಪತ್ತೆಂಟು ನಾನೇ" ಎಂದರು. ಯಾರೂ ಹೇಳದೆ, ಶೂ ಸಮೇತ, ಎಲ್ಲರ ಮುಂದೆ ಮಿಷನ್ ಹತ್ತಿ ನಿಂತರು. ಬಲಗೈ ಹೊಟ್ಟೆಗೆ ಅಂಟಿಕೊಂಡಿತ್ತು. "ನೋಡಪ್ಪಾ, ಸರಿಯಾಗಿ ಓದಿ ಹೇಳು" ಎಂದು ಹೊಸಬನಿಗೇ ಹೇಳಿದರು. ಅವನು ಓದಿದ. ತೊಂಬತ್ತೊಂದು. ನಾನು ಆವತ್ತು ನಗಲಿಲ್ಲ. ಇವರು ತಮ್ಮ ಸುಳ್ಳನ್ನು ಅಷ್ಟು ಜನರ ಮುಂದೆ ತೂಗಿ ತೋರಿಸಿದರು. ನನ್ನದು ಇನ್ನೂ ಚೀಲದೊಳಗಿತ್ತು.

ಆದರೂ ಬಾಯಿ ಬಿಡಲು ಮತ್ತಷ್ಟು ವರ್ಷ ಹಿಡಿಯಿತು. ಕೆಲಸ ಬಿಟ್ಟ ಮೇಲೆ, 2019ರಲ್ಲಿ, ಯಲಹಂಕದ ಆ ಪಾರ್ಕಿಗೆ ಹೋದೆ. ಹೊಂಗೆ ಮರ ಇದೆ. ನನ್ನ ತಗಡು ಇದ್ದ ಜಾಗದಲ್ಲಿ ಕಲ್ಲು ಬೆಂಚು. ಅದರ ಮೇಲೆ ಅವರೇ ಕುಳಿತಿದ್ದರು, ತೆಳ್ಳಗಾಗಿದ್ದರು. ಇನ್ನೊಂದು ತುದಿಯಲ್ಲಿ ಕುಳಿತು ಎಲ್ಲ ಹೇಳಿದೆ. ಗಾಳಿ, ಮೊಲ, ಇಳಿಜಾರಿನ ಮೇಲೆ ಹೇಳಿದ ಸುಳ್ಳು, ಹೆಬ್ಬೆರಳಿನಿಂದ ಜಾರಿಸಿದ ರಿಂಗು.

ಅವರ ಮುಖ ಕೆಂಪಾಯಿತು. "ಬೇಕಂತ ಮಾಡ್ದೆಯಾ? ಲೋ, ಐದು ವರ್ಷದಿಂದ ಎಲ್ಲಾ ಮದುವೆ ಮನೇಲೂ ನನ್ನ ಹೆಂಡ್ತಿ ಎಪ್ಪತ್ತೆಂಟಿನ ಕತೆ ಹೇಳಿ ನಗಿಸ್ತಾಳೆ ಕಣೋ! ಯಾಕೋ? ನಾನೇನ್ ಮಾಡಿದ್ದೆ ನಿಂಗೆ?"

"ಈ ಬೆಂಚು ಇರೋ ಕಡೆ ನನ್ನ ಅಂಗಡಿ ಇತ್ತು. ನಮ್ಮಪ್ಪನ ಪೆಟ್ಟಿಗೇನ ಕಸ ಅಂದ್ರಿ."

ಅವರು ಮರವನ್ನೂ ಬೆಂಚನ್ನೂ ನೋಡಿದರು. "ನಾನು ಹಂಗಂದ್ನಾ?" ಎಂದರು. ನಟನೆ ಅಲ್ಲ, ನಿಜಕ್ಕೂ ನೆನಪಿರಲಿಲ್ಲ. ಕ್ಷಮೆ ಕೇಳಲು ಹೋದ ನನಗೆ ಆ ಕ್ಷಣ ಅವರ ಎಡ ಭುಜವನ್ನೂ ಮುರಿಯಬೇಕೆನಿಸಿತು. ಇದನ್ನೂ ಬರೆದುಬಿಡುತ್ತೇನೆ.

"ಏಳು. ಬಾ ಮನೆಗೆ. ನನ್ನ ಹೆಂಡ್ತಿ ಮುಂದೆ ಹೇಳು" ಎಂದು ಎದ್ದರು. ಮನೆ ಪಾರ್ಕಿನ ಎದುರಿಗೇ.

ಅವರ ಹೆಂಡತಿ ಕಾಫಿ ತಂದಿಟ್ಟು ಪೂರ್ತಿ ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿ, "ಅಂದ್ರೂ ಎಪ್ಪತ್ತೆಂಟು ಅಂತ ಹೇಳಿದ್ದು ನೀವೇ ತಾನೇ?" ಎಂದರು. ಆಕೆ ನನ್ನನ್ನು ದಿಟ್ಟಿಸಿದರು. "ಹೊಂಗೆ ಮರದ ಕೆಳಗೆ ನನ್ನ ಗಾಡಿಗೆ ಗಾಳಿ ಹೊಡೀತಿದ್ರಲ್ಲ, ನೀವೇನಾ? ಆವತ್ತು ನಾನು ಬಾಲ್ಕನೀಲಿ ನಿಂತಿದ್ದೆ." ಮತ್ತೆ ಗಂಡನಿಗೆ, "ಕಸ ಅಂದ್ರಿ ಕಣ್ರೀ ನೀವು. ಪಾಪ, ಇವ್ರು ಲಾರಿ ಹತ್ತಿ ಸ್ಪ್ಯಾನರ್ ಆರಿಸ್ತಾ ಇದ್ರು. ಸಂಜೆ ಕೇಳಿದ್ದಕ್ಕೆ ನನ್ನ ಮೇಲೇ ರೇಗಿದ್ರಿ."

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟರು. "ಅಂದಿರ್ಬೇಕು" ಎಂದರು.

ಅಷ್ಟೇ. ಹತ್ತು ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಆ ಒಂದು ಮಾತು. ನನ್ನಿಂದ ಅವರಿಗೆ ಸಿಕ್ಕಿದ್ದು, "ತಪ್ಪಾಯ್ತು ಸಾರ್" ಎಂಬ ಇನ್ನೊಂದು. ಎರಡೂ ಆ ಕೈಯನ್ನು ಭುಜದಿಂದ ಮೇಲೆ ಎತ್ತಲಾರವು.

ನಾನು ಏಳುವಾಗ ಅವರು ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ಸೈಕಲ್ಲನ್ನು ತೋರಿಸಿದರು. ಮೇಲೆಲ್ಲ ಧೂಳು. "ಕೆರೆ ಏರಿವರೆಗಾದ್ರೂ ಹೋಗ್ಬೇಕು ಅಂತ ಆಸೆ. ಬಿದ್ದಾಗಿಂದ ಹತ್ತಕ್ಕೆ ಭಯ." ಮತ್ತೆ ನನ್ನ ಮುಖ ನೋಡದೆ, "ಗಾಳಿ ನೋಡ್ತೀಯಾ?" ಎಂದರು.

ಆಕೆ ಒಳಗಿನಿಂದ ತೂಕದ ಮಿಷನ್ ತಂದಿಟ್ಟರು. ಅವರು ಶೂ ಹಾಕಿಕೊಂಡು, ಹೆಲ್ಮೆಟ್ಟನ್ನು ಎಡಗೈಯಿಂದ ತಲೆಗಿಟ್ಟುಕೊಂಡು ಹತ್ತಿದರು. ಬೆಲ್ಟನ್ನು ಆಕೆಯೇ ಬಿಗಿದರು. ಎಂಬತ್ತೊಂದು. ಸೈಕಲ್ ಜೊತೆ ಕೊಟ್ಟಿದ್ದ ಪಂಪು ಡಬ್ಬದಲ್ಲೇ ಇತ್ತು. ಎಂಬತ್ತೊಂದಕ್ಕೆ ಗಾಳಿ ತುಂಬಿದೆ. ತಿರುಪಿನ ಮೇಲೆ ಇಟ್ಟ ಬೆರಳು ತಾನಾಗಿ ಅದನ್ನು ಮೊಲದ ಕಡೆ ಒಂದು ಹಲ್ಲಿನಷ್ಟು ತಿರುಗಿಸಿತು. ಹಿಂದಕ್ಕೆ ತಂದೆ. ಅವರು ನೋಡುತ್ತಿದ್ದರು.

ರಿಂಗನ್ನು ಕೆಳಕ್ಕೆ ಒತ್ತಿಟ್ಟು, ಹ್ಯಾಂಡಲ್ ಹಿಡಿದು ನಿಂತೆ. ಅವರು ನನ್ನ ಹೆಗಲ ಮೇಲೆ ಎಡಗೈ ಊರಿ ಹತ್ತಿ ಕುಳಿತರು, ಮೆಲ್ಲಗೆ ಇಳಿದರು. ಬಗ್ಗಿ ನೋಡಿದೆ. ರಿಂಗು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು.

"ಸರಿ ಇದೆಯಾ?" ಎಂದರು. ಇಳಿಜಾರಿನ ಮೇಲೆ ಕೇಳಿದ್ದ ಅದೇ ದನಿ.

ಸರಿ ಇತ್ತು. ಆದರೂ ರಿಂಗನ್ನು ಮತ್ತೆ ಕೆಳಕ್ಕೆ ಒತ್ತಿದೆ.

"ಇನ್ನೊಂದ್ಸಲ ಕೂತ್ಕೊಳ್ಳಿ ಸಾರ್" ಎಂದೆ.